ಬ್ರೇಕಿಗೆ ಹಚ್ಚಿದ ಕೋಡಿನ ಬಣ್ಣ

೧೬ ಸೆಪ್ಟೆಂಬರ್ ೨೦೦೨, ಸೋಮವಾರ

ಕೀಲಿ ಕಸಗೊಂಡ್ರು. ನನ್ನ ಗಾಡಿ ಕೀಲಿ, ನನ್ನ ಮನ್ಯಾಗ, ನನ್ನ ಹೇಣ್ತಿ ಮತ್ತ ನನ್ನ ಮಗಳು ಕೂಡಿ. ಕಾಶೀಬಾಯಿ ಅದನ್ನ ಸೆರಗಿನ ಚುಂಗಿಗೆ ಗಂಟು ಹಾಕ್ಕೊಂಡು ರೊಟ್ಟಿ ಬಡಿಯಾಕ ಕುಂತಾಳ. ಬಡದಂಗೊಮ್ಮೆ ಕೀಲಿ ಕಿಣ್ ಅಂತೈತಿ. ನನಗ ಕೇಳಲಿ ಅಂತನ ಇವತ್ತು ಅಷ್ಟು ಜೋರ ಬಡಿಯಾಕತ್ತಾಳ.

ಆಗಿದ್ದರ ಏನು? ನಿನ್ನೆ ಸಂಜಿಮುಂದ ಕೆಲಗೇರಿ ಕೆರಿ ರಸ್ತೆದಾಗ ಮನಿಗೆ ಬರಾಕತ್ತಿದ್ದೆ. ಎದುರಿಗೆ ಒಂದು ಟೆಂಪೋ. ಇನ್ನೂ ಹೊತ್ತು ಮುಳಗಿಲ್ಲ, ಆ ಹಲ್ಕಟ್ ಲೈಟ್ ಹಚ್ಚಿದ್ದ. ಈಗಿನ ಲೈಟಿಗೆ ಸುತ್ತಲೂ ಮೀಸಿ ಬರತಾವ, ಹಂಗ ಮಾಡೇ ಮಾರತಾರೋ ಏನೋ. ಕಣ್ಣು ಕುಕ್ಕಿತು, ಗಾಡಿ ಸಣ್ಣಗ ಎಡಕ್ಕ ಎಳೀತು, ಹಾಲಿನವನ ಸೈಕಲ್ಲಿಗೆ ತಾಗಿತು. ಅಂವ ಗಟಾರ ಜಿಗದು ಆಚೆ ನಿಂತ, ಮೈಮ್ಯಾಲೆ ಒಂದು ಗೀರು ಇಲ್ಲ. ಚೆಲ್ಲಿದ ಹಾಲಿಂದು ಅಲ್ಲೇ ಕೊಟ್ಟು ಬಂದೆ. ಅಲ್ಲಿಗೆ ಮುಗೀಬೇಕಲ್ಲ? ಇಲ್ಲ. ಇವತ್ತು ಮುಂಜಾನೆ ಬಾಗಲಕ್ಕ ಬಂದು ಕಾಶೀಬಾಯಿ ಮುಂದ ಎಲ್ಲಾ ಒದರಿ ಹೋದ. ಅಜ್ಜಾರಿಗೆ ಕಣ್ಣು ಕಾಣೂದಿಲ್ಲರಿ ಅಕ್ಕಾ ಅಂದನಂತ. ಅಜ್ಜ ಅಂತ! ನನಗಿನ್ನೂ ಅರವತ್ತೊಂದು.

ಮೂವತ್ತೊಂದು ವರ್ಷ ಬಸ್ ಹೊಡದೇನಿ ನಾ. ಸವದತ್ತಿ, ಹಳಿಯಾಳ, ಬೈಲಹೊಂಗಲ, ಎಲ್ಲಿ ತಿರುವು ಬರತೈತಿ ಅಂತ ನಿದ್ದಿಗಣ್ಣಾಗ ಹೇಳತೇನಿ. ಒಂದು ಕೋಳಿಮರಿಗೆ ಚಕ್ರ ತಾಗಿಸಿಲ್ಲ. ಬೆಳ್ಳಿ ಪದಕ ಕೊಟ್ಟಾರ, ಟ್ರಂಕಿನ್ಯಾಗ ಐತಿ. ಉಳವಪ್ಪ ಡ್ರೈವರ್ ಇದ್ದಾನಂದ್ರ ಬಾಣಂತಿಯರು ಕೂಸು ಕಟಗೊಂಡು ಮುಂದಿನ ಸೀಟಿಗೆ ಬಂದು ಕುಂಡರತಿದ್ರು. ಡ್ಯೂಟಿ ಇಳದ ಕೂಡಲೆ ಲಾಗ್‌ಶೀಟ್ ಬರಿಯೋ ರೂಢಿ ಇತ್ತು, ರಿಟಾಯರ್ ಆದ್ರೂ ಅದು ಹೋಗಲಿಲ್ಲ, ಅದಕ್ಕ ಈ ವಹಿ. ಇದರಾಗ ಖರೇ ಬರದಿಡತೇನಿ: ತಪ್ಪು ಟೆಂಪೋದವಂದು.

೧೮ ಸೆಪ್ಟೆಂಬರ್, ಬುಧವಾರ

ಗೌಸಮೊದ್ದೀನ ಬಂದಿದ್ದ. ಡಿಪೋದಾಗ ಇಪ್ಪತ್ತು ವರ್ಷ ನಾ ಬಸ್ ಕೆಡಿಸಿಕೊಂಡು ಬಂದ್ರ ಅಂವ ಸುದ್ದ ಮಾಡತಿದ್ದ, ಈಗ ಸ್ವಂತ ಗ್ಯಾರೇಜ್ ಇಟ್ಟಾನ. ತಾರಿಹಾಳದಾಗ ಯಾವುದೋ ಕಾರ್ಖಾನಿ ಮಾಲಕರು ಬಿಚ್ಚಿ ಒಗದಿದ್ದ ಕಡ್ಡಿ ಕಡ್ಡಿ ಚಕ್ರ ನಾಲ್ಕು ತಂದು ನನ್ನ ಮಾರುತಿಗೆ ಹಾಕಿ ಕೊಟ್ಟ. ಚಕ್ರ ಛಲೋ ಅದಾವ. ಆದ್ರ ಕಡ್ಡಿ ಸಂದಿನ್ಯಾಗ ಒಳಗಿನ ಬ್ರೇಕು ಕಾಣಾಕತ್ತಿತು. ನಮ್ಮ ಬಸ್ಸಿನ ಬ್ರೇಕು ಡ್ರಮ್ಮಿನೊಳಗ ಮರ್ಯಾದಿಲೆ ಮುಚಿಗೊಂಡಿರತಿತ್ತು. ಈ ಕಾರಿನ ಮುಂದಿನ ಎರಡು ಚಕ್ರಕ್ಕ ಹಂಗಲ್ಲ, ಒಂದು ಉಕ್ಕಿನ ತಾಟು, ಅದನ್ನ ಅವಚಿ ಹಿಡಿಯಾಕ ಒಂದು ಕಬ್ಬಿಣದ ಮುಷ್ಟಿ. ಕ್ಯಾಲಿಪರ್ ಅಂತಾರ ಅದಕ್ಕ. ಎರಡೂ ಮುಷ್ಟಿ ತುಕ್ಕು ಹಿಡದು, ಹೊಸಾ ಚಕ್ರದೊಳಗ ಹುಳುಕು ಹಲ್ಲಿನಂಗ ಅದಾವಂತ. ಗೌಸ್ ಅಂದ. ನಾ ಕೈಹಾಕಿ ನೋಡಿದೆ, ಖರೇ ಐತಿ, ಹಕ್ಕಳಿ ಹಕ್ಕಳಿ ಬರತೈತಿ.

ಅದಕ್ಕ ಬಣ್ಣ ಹಚ್ಚಾಕ ದೊಡ್ಡ ಗ್ಯಾರೇಜಿನವರು ಎಷ್ಟು ಕೇಳತಾರ ಅಂತ ಹೇಳಿದ. ಥೂ ಅಂದೆ, ಅಷ್ಟರಾಗ ಮನಿಗೆಲ್ಲಾ ಸುಣ್ಣಬಣ್ಣ ಆಗತೈತಿ. ನಾನ ಹಚ್ಚತೇನಿ ಅಂದೆ. ಒಳಗಿಂದ ಸುಕನ್ಯಾ ನಕ್ಕಳು. ನನ್ನ ಮಗಳು ಸೊಸೈಟಿ ಬ್ಯಾಂಕಿನ್ಯಾಗ ಕೆಲಸಕ್ಕ ಅದಾಳ, ಅಪ್ಪಗ ಬುದ್ಧಿ ಹೇಳೂದು ಆಕಿ ಎರಡನೇ ನೌಕರಿ. ಪೇಪರಿನ ದೊಡ್ಡಕ್ಷರ ಓದಾಕ ಆಗೂದಿಲ್ಲ ನಿನಗ, ಅಂಥ ಸೂಕ್ಷ್ಮ ಕೆಲಸ ಹೆಂಗ ಮಾಡತಿ ಅಂದ್ಳು. ಪೇಪರಿನವರು ಮಸಿ ಉಳಸಾಕತ್ತಾರ, ಅದಕ್ಕೂ ನಾನ ಕಾರಣೇನು?

ಆಗ ಕಾಶೀಬಾಯಿ ಕೈ ಒರಸಿಗೋತ ಹೊರಗ ಬಂದ್ಳು.

"ಯಾರ ಕೈನೂ ಹಚ್ಚಲಾರದ ನೀವೊಬ್ಬರ ಮಾಡಿ ಮುಗಸರಿ. ಖಂಡೆ ಪೂಜಿ ದಿನ ಕೀಲಿ ನಿಮ್ಮ ಕೈಯಾಗ ಇಡತೇನಿ. ಅಲ್ಲೀತನಕ ಕೇಳಬಾರದು."

ಗೌಸ್ ಸಾಕ್ಷಿ. ಈ ಹೆಂಗಸು ಮೂವತ್ತೈದು ವರ್ಷದ ಸಂಸಾರದಾಗ ಕೊಟ್ಟ ಮಾತು ಒಂದೂ ತಪ್ಪಿಲ್ಲ, ಅದನ್ನ ಒಪ್ಪಬೇಕು. ಮಹಾನವಮಿಗೆ ಇನ್ನ ಇಪ್ಪತ್ತಾರು ದಿನ ಐತಿ. ಅವತ್ತು ಪೂಜಿ ಆದ ಗಾಡಿನ್ನ ನಿಂಬೆಹಣ್ಣಿನ ಮ್ಯಾಲೆ ಹಾಯಿಸಿ ಹೊರಗ ಹೊಡಿಯೋ ಮನಷ್ಯಾ ನಾನ.

೧೯ ಸೆಪ್ಟೆಂಬರ್, ಗುರುವಾರ

ಬಣ್ಣದ ಅಂಗಡಿಗೆ ಹೋಗಿದ್ದೆ. ಬ್ರೇಕು ಕಾಯತಾವ, ಅದಕ್ಕ ಸೈಲೆನ್ಸರಿಗೆ ಹಚ್ಚೋ ಬಿಸಿ ತಾಳೋ ಬಣ್ಣನ ಬೇಕಂತ. ಡಬ್ಬಿ ನೋಡಿದ್ರ ಚಾದ ಕಪ್ಪಿನಷ್ಟು. ದರ ಕೇಳಿದ್ರ ಗಾಡಿನ ಮಾರಿ ಬಣ್ಣ ತರಬೇಕು. ಇದರಾಗ ಏನ ಬಂಗಾರ ಅರದೀರಿ ಅಂತ ಕೇಳಿದೆ. ಫಾರಿನ್ ಮಾಲ್ ರಿ ಅಂದ, ಹಲ್ಲು ಕಿಸಿದ. ಅಲ್ಲೇ ಇಟ್ಟು ಬಂದೆ.

ಬರಬೇಕಾದ್ರ ದಾರ್ಯಾಗ ಒಂದು ಚಕ್ಕಡಿ ಸಿಕ್ಕಿತು. ಎತ್ತಿನ ಕೋಡಿನ ಮ್ಯಾಲೆ ಕಾರಹುಣ್ಣಿವಿಗೆ ಹಚ್ಚಿದ ಬಣ್ಣ ಇನ್ನೂ ಐತಿ. ಮೂರು ತಿಂಗಳಾಗಾಕ ಬಂತು. ಬಿಸಲಾಗ ನಿಂತಾವ, ಮಳ್ಯಾಗ ತೊಯ್ದಾವ, ಗಿಡಕ್ಕ ತಿಕ್ಕ್ಯಾವ, ಒಂದಕ್ಕೊಂದು ಹಾಯ್ದಾವ, ಬಣ್ಣ ಹೋಗಿಲ್ಲ. ಎತ್ತಿನ ಕೋಡಿಗೆ ತಾಳಿದ್ದು ಕಬ್ಬಿಣಕ್ಕ ತಾಳೂದಿಲ್ಲೇನು? ಉಪ್ಪಿನಬೆಟಗೇರಿಗೆ ತಮ್ಮ ಗುರುಶಿದ್ದಪ್ಪಗ ಫೋನ್ ಹಚ್ಚಿದೆ. ಅವನ ಕಡೆ ಎರಡು ಜೋಡಿ ಅದಾವ, ವರ್ಷಾ ಬಣ್ಣ ಉಳದ ಉಳೀತೈತಿ. ಒಂದು ಪೈಸಾ ಖರ್ಚಿಲ್ಲ. ಆ ಫಾರಿನ್ ಮಾಲಿನವ ಕುಂತು ನೋಡಲಿ.

೨೨ ಸೆಪ್ಟೆಂಬರ್, ರವಿವಾರ

ಗುರುಶಿದ್ದ ಬಸ್ಸಿನ್ಯಾಗ ಕಂಡಕ್ಟರ್ ಕೈಯಾಗ ಚೀಲಾ ಕೊಟ್ಟು ಕಳಿಸಿದ. ಮೂರು ಡಬ್ಬಿ ಅದಾವ. ಒಂದು ಕೆಂಪ, ಒಂದು ರಾಣಿ, ಒಂದು ಹಳದಿ ಅಂತ ಫೋನಿನ್ಯಾಗ ಹೇಳಿದ್ದ. ತಗದು ನೋಡಿದ್ರ ಎರಡು ಕೆಂಪ, ಒಂದು ಹಳದಿ. ರಾಣಿ ಬಣ್ಣ ಅಂದ್ರ ಗುಲಾಬಿಗಿಂತ ಗಾಢ, ಹೆಂಗಸರು ಮದುವಿಗೆ ಉಡತಾರಲ್ಲ ಅದು, ಅಷ್ಟೂ ಗೊತ್ತಾಗೂದಿಲ್ಲ ಇವಂಗ. ಹೊಲದಾಗ ಇದ್ದು ಇದ್ದು ಮಬ್ಬ ಆಗ್ಯಾನ. ಇರಲಿ, ನನಗ ಬೇಕಾದ್ದು ಕೆಂಪನ. ಎರಡು ಡಬ್ಬಿ, ಎರಡು ಚಕ್ರ.

೨೪ ಸೆಪ್ಟೆಂಬರ್, ಮಂಗಳವಾರ

ಇವತ್ತು ಎಡಗಡೆ ಚಕ್ರ ಬಿಚ್ಚಿದೆ. ಹಿಂದಿನ ಚಕ್ರಕ್ಕ ಕಲ್ಲು ಕೊಟ್ಟೆ, ಜಾಕ್ ಏರಿಸಿದೆ, ಜಾಕಿನ ಮ್ಯಾಲೆ ಭರೋಸಾ ಇಡಬಾರದು ಅಂತ ಕೆಳಗ ಕಟಗಿ ತುಂಡು ಇಟ್ಟೆ. ನೋಡಾಕತ್ತಿದ್ದ ಸುಕನ್ಯಾಗ ಎಲ್ಲಾ ಗೊತ್ತಾಗಲಿ ಅಂತ ಜೋರಾಗೇ ಹೇಳಿಗೋತ ಮಾಡಿದೆ. ಆಕಿ ಸ್ಕೂಟಿ ಚಾಲೂ ಮಾಡಿಕೊಂಡು ಹೋಗೇಬಿಟ್ಟಳು.

ತಂತಿ ಬ್ರಷ್ ತಗೊಂಡು ತಿಕ್ಕಾಕ ಕುಂತವ ಊಟದ ಹೊತ್ತಿಗೇ ಎದ್ದೆ. ತುಕ್ಕು ಉದರಿ ಉದರಿ ಮಡಿಲಾಗ ಬಿತ್ತು. ಸೀಮಿಎಣ್ಣಿಲೆ ತೊಳದು, ಉಸಕಿನ ಕಾಗದಲೆ ತಿಕ್ಕಿ, ಮತ್ತ ತೊಳದೆ. ಮೂಲ್ಯಾಗ ತುಕ್ಕು ಉಳದೈತೋ ಇಲ್ಲೋ ಕಣ್ಣಿಗೆ ಗೊತ್ತಾಗಲಿಲ್ಲ, ಆ ಸಂದಿನ್ಯಾಗ ಯಾರಿಗೆ ಕಾಣತೈತಿ? ಕಣ್ಣು ಮುಚ್ಚಿ ಬಟ್ಟು ಆಡಿಸಿದೆ. ಬಟ್ಟಿಗೆ ಎಲ್ಲಾ ಗೊತ್ತಾಗತೈತಿ. ಎಲ್ಲಿ ಒರಟ ಐತಿ, ಎಲ್ಲಿ ನುಣ್ಣಗ ಐತಿ, ಎಲ್ಲಿ ಇನ್ನೊಂದು ಸಲ ತಿಕ್ಕಬೇಕು. ನಾಲ್ಕು ತಾಸು ಯಾರ ಮ್ಯಾಲೂ ಸಿಟ್ಟು ಬರಲಿಲ್ಲ ಅಂತ ಈಗ ಬರೀಬೇಕಾದ್ರ ನೆನಪಾತು.

ಸಿಟ್ಟು ಬಂದಿದ್ದು ಆಮ್ಯಾಲೆ. ಕಾಶೀಬಾಯಿ ಚಾ ತಂದು ಕಟ್ಟಿಮ್ಯಾಲೆ ಇಟ್ಟಳು, ಇಟ್ಟೇನಿ ಅಂತ ಹೇಳಬಾರದೇನು? ಕೈ ಬಡದು ಚೆಲ್ಲಿತು. ಚಾದ ಕಪ್ಪು ಕಟ್ಟಿ ಬಣ್ಣದ್ದ ತಂದಿದ್ಳು, ಯಾರಿಗರ ಹೆಂಗ ಗೊತ್ತಾಗಬೇಕು? ಕಪ್ಪು ಬಿಳೇದು ಐತ್ರಿ ಅಂದ್ಳು. ಧೋತ್ರಾನೂ ಬಿಳೇದು ಅಂತಾಳ. ಈ ಹೊಸಾ ಸಾಬಾಣಲೆ ಒಗದು ಒಗದು ನನ್ನ ಧೋತ್ರಾ ಎಲ್ಲಾ ಹಳದಿ ಹೊಡದಾವ, ಆಕಿಗೆ ಬೇಕಿಲ್ಲ.

೨೭ ಸೆಪ್ಟೆಂಬರ್, ಶುಕ್ರವಾರ

ಎಡಗಡೆದು ಹಚ್ಚಿದೆ. ತಾಟಿಗೆ ಬಣ್ಣ ಹತ್ತಬಾರದು, ಹತ್ತಿದ್ರ ಬ್ರೇಕು ಜಾರತೈತಿ. ಅದಕ್ಕ ಪೇಪರ್ ಸುತ್ತಿ ಅಂಟುಪಟ್ಟಿ ಹಚ್ಚಿದೆ. ಓದಾಕ ಬಾರದ ಪೇಪರ್ ಇದಕ್ಕರ ಉಪಯೋಗ ಬಂತು. ಬ್ರೇಕಿನ ಎಣ್ಣಿ ಬಿಡೋ ಸಣ್ಣ ಮೊಳಿಗೆ ಬಣ್ಣ ಹತ್ತಬಾರದಂತ ಸೈಕಲ್ ವಾಲ್‌ಟ್ಯೂಬಿನ ತುಂಡು ತೊಡಿಸಿದೆ, ಇದು ನಂದ ಸ್ವಂತ ಅಕ್ಕಲ್. ಬಣ್ಣ ದಪ್ಪ ಹಚ್ಚಬಾರದು. ತೆಳ್ಳಗ ಒಂದು ಕೈ, ಒಣಗಿದ ಮ್ಯಾಲೆ ಇನ್ನೊಂದು, ಆಮ್ಯಾಲೆ ಮೂರನೇದು. ಎಲ್ಲೂ ಇಳೀಲಿಲ್ಲ, ಬಟ್ಟಿಲೆ ನೋಡೇನಿ, ಗಾಜಿನಂಗ ಕುಂತೈತಿ.

ಕಾಶೀಬಾಯಿ ಸೊಂಟದ ಮ್ಯಾಲೆ ಕೈ ಇಟ್ಟುಗೊಂಡು ಬಾಳೊತ್ತು ನೋಡಿದ್ಳು. ಛಲೋ ಹಚ್ಚೀರಿ ಅಂದ್ಳು.

೨೯ ಸೆಪ್ಟೆಂಬರ್, ರವಿವಾರ

ಮೋಡ. ಹೊರಗ ಕೆಲಸ ಆಗಲಿಲ್ಲ. ಮನ್ಯಾಗಿನ ಟ್ಯೂಬ್‌ಲೈಟು ಮುದಿಯಾಗೈತಿ, ಹೊಸಾದು ತರಾಕ ಹೇಳಿದೆ. ಹೋದ ತಿಂಗಳ ತಂದೈತಿ ಅಂದ್ರು. ಮೋಸದ ಮಾಲ್.

೨ ಅಕ್ಟೋಬರ್, ಬುಧವಾರ

ಬಲಗಡೆದೂ ಮುಗೀತು! ಮೊದಲಿನ ಡಬ್ಬಿ ಕೆನಿಗಟ್ಟಿತ್ತು, ಎರಡನೇ ಡಬ್ಬಿ ಒಡದೆ. ಅದೂ ಕೆಂಪ, ಥೇಟ್ ಅದ ಕೆಂಪ. ಕೈ ಪಳಗಿತ್ತು, ಎಡಗಡೆಕ್ಕಿಂತ ನುಣ್ಣಗ ಬಂತು.

ಇವತ್ತು ಸುಕನ್ಯಾಗ ಸೂಟಿ. ಗೇಟು ತಗದು ಒಳಗ ಬಂದಾಕಿ ಮೊದಲ ಎಡಕ್ಕ ನೋಡಿದ್ಳು, ಆಮ್ಯಾಲೆ ಬಲಕ್ಕ ಬಂದು ನೋಡಿದ್ಳು, ಬಿದ್ದು ಬಿದ್ದು ನಕ್ಕಳು. ನಾ ಏನು ಅಂದೆ. ನನ್ನ ಮಾರಿ ನೋಡಿ ನಗೂದು ನಿಲ್ಲಿಸಿದ್ಳು. ಏನಿಲ್ಲಪ್ಪಾ ಅಂದು ಒಳಗ ಹೋದ್ಳು. ಒಳಗ ಕಾಶೀಬಾಯಿ ಸಣ್ಣ ದನೀಲೆ ಏನೋ ಬೈಯ್ಯಾಕತ್ತಿದ್ದಳು, ಸುಕನ್ಯಾ ಮೂಗು ಸೀಟಿಗೋತ ಉತ್ತರ ಕೊಡಾಕತ್ತಿದ್ದಳು. ಆಕಿಗೆ ನೆಗಡಿ ಆಗೈತಿ ಕಾಣಸತೈತಿ.

೫ ಅಕ್ಟೋಬರ್, ಶನಿವಾರ

ಹಾಲಿನವನ ಕೂಡ ಜಗಳಾಡಿದೆ. ಅಂವ ಹಾಲು ಹಾಕಾಕ ಬಂದವ ಚಕ್ರ ನೋಡಿ, ಇದೇನ್ರಿ ಎರಡು ನಮೂನಿ, ಹೊಸಾ ಫ್ಯಾಶನ್ನೇನು ಅಂದ. ಎರಡು ನಮೂನಿ ಅಂತ! ಒಂದ ಊರಿನ ಬಣ್ಣ, ಒಂದ ಕೈ ಹಚ್ಚಿದ್ದು. ಅವತ್ತಿನ ಸೇಡು ಇವತ್ತು ತೀರಿಸಿಗೊಳ್ಳಾಕ ಬಂದಾನ. ನಿನ್ನ ಹಾಲಿನ್ಯಾಗಿನ ನೀರು ಮೊದಲ ನೋಡಿಕೋ ಅಂದೆ. ಓಣಿ ಮಂದಿ ಎಲ್ಲಾ ಹೊರಗ ಬಂದ್ರು.

ಅದ ಸಿಟ್ಟಿನ್ಯಾಗ ಚಷ್ಮಾದ ಅಂಗಡಿಗೆ ಹೋದೆ, ನಂಬರ್ ಬದಲ ಮಾಡಿಸಿ ಎಲ್ಲಾರ ಬಾಯಿ ಮುಚ್ಚಸೂನು ಅಂತ. ಒಂದು ಡಜನ್ ಗಾಜು ಹಾಕಿ ನೋಡಿದ. ಇದು ಚಷ್ಮಾದಲೆ ಆಗೂದಲ್ರಿ ಯಜಮಾನ್ರ, ಕಣ್ಣಿನ ಡಾಕ್ಟರಿಗೆ ತೋರಸರಿ ಅಂದ. ಈಗ ಅಂಗಡಿಯವರೂ ಡಾಕ್ಟರ್ ಆಗ್ಯಾರ.

ನಾ ಡಾಕ್ಟರ್ ಕಡೆ ಹೋಗೂದಿಲ್ಲ. ಯಾಕ ಅಂತ ಇಲ್ಲಿ ಬರೀತೇನಿ, ಮಂದಿಗೆ ಹೇಳೋ ಅವಶ್ಯ ಇಲ್ಲ. ಡಿಪೋದಾಗ ನನಗಿಂತ ಹಿರಿಯಾಂವ ಒಬ್ಬ ಇದ್ದ. ಒಂದು ದಿನ ಕಣ್ಣು ತಪಾಸಣಿಗೆ ಕರದ್ರು, ಕಾಗದದ ಮ್ಯಾಲೆ ಏನೋ ಬರದ್ರು. ಮರುದಿನದಿಂದ ಗೇಟಿನ್ಯಾಗ ಸ್ಟೂಲಿನ ಮ್ಯಾಲೆ ಕುಂಡರಿಸಿದ್ರು, ಬಂದ ಬಸ್ಸಿನ ನಂಬರ್ ಬರಿಯಾಕ. ನಾ ದಿನಾ ಗೇಟು ದಾಟಬೇಕಾದ್ರ ಹಾರನ್ ಬಾರಿಸಿ ನಮಸ್ಕಾರ ಮಾಡತಿದ್ದೆ. ಅಂವ ಯಾರು ಅಂತ ಗೊತ್ತಾಗದನ ಎಲ್ಲಾರಿಗೂ ಕೈ ಎತ್ತತಿದ್ದ. ನನಗ ಆ ಸ್ಟೂಲು ಬ್ಯಾಡ.

೧೧ ಅಕ್ಟೋಬರ್, ಶುಕ್ರವಾರ

ಪೂಜಿಗಿಂತ ಮೊದಲ ಬ್ರೇಕು ತಪಾಸ ಆಗಲಿ ಅಂತ ಕಾಶೀಬಾಯಿ ಗೌಸಗ ಹೇಳಿ ಕಳಿಸಿದ್ದಳು. ಕೀಲಿ ಅವಂಗ ಕೊಟ್ಟಳು, ನನಗಲ್ಲ. ನಾ ಬಾಜೂಕ ಕುಂತೆ, ನನ್ನ ಗಾಡ್ಯಾಗ ನಾ ಪ್ಯಾಸೆಂಜರ್. ಕೆರಿತನಕ ಹೋಗಿ ಬಂದ್ವಿ. ಬರೋದರಾಗ ಮುಂದಿನ ಎರಡೂ ಚಕ್ರದಾಗಿಂದ ಹೊಗಿ! ಎತ್ತಿನ ಕೋಡು ಸುಟ್ಟಂಥ ನಾತ. ಓಣಿ ಹುಡುಗೂರು ಹಿಂದ ಓಡಿ ಬಂದ್ವು. ಕೋಡು ಬಿಸಲಾಗ ಕಾಯತೈತಿ ಖರೇ, ಬ್ರೇಕು ಕಾದಂಗ ಕಾಯೂದಿಲ್ಲಲೋ ಉಳವಪ್ಪ ಅಂತ ಗೌಸ್ ನಕ್ಕ. ಒಂದು ತಾಸಿನ್ಯಾಗ ಹೊಗಿ ನಿಂತಿತು. ಬಣ್ಣ ಅಷ್ಟಷ್ಟ ಬುಗ್ಗಿ ಬಂದೈತಿ, ಉಳದದ್ದು ಕಲ್ಲಿನಂಗ ಗಟ್ಟಿ ಆತು. ಬ್ರೇಕು ಹಿಡಿಯೂದರಾಗ ಕಸರಿಲ್ಲ ಅಂತ ಗೌಸ್ ಸ್ವತಾ ಹೇಳಿದ. ಫಾರಿನ್ ಮಾಲು ಬ್ಯಾಡಾತು.

ಆಮ್ಯಾಲೆ ಅಂವ ಎಡಗಡೆ ಚಕ್ರದ ಮುಂದ ಕುಕ್ಕರಗಾಲಿಲೆ ಕುಂತ. ಎದ್ದು ಬಲಗಡೆ ಹೋಗಿ ಕುಂತ. ಇದಕ್ಕ ಯಾವ ಡಬ್ಬಿ ಹಚ್ಚಿದಿ ಅಂತ ಕೇಳಿದ. ಕೆಂಪಂದು ಅಂದೆ. ಅದಕ್ಕೂ? ಅದಕ್ಕೂ ಕೆಂಪಂದ ಅಂದೆ. ಅಂವ ಕಾಶೀಬಾಯಿ ಕಡೆ ನೋಡಿದ. ಆಕಿ ಅಂಗಳ ಕಸಾ ಹೊಡಿಯಾಕತ್ತಿದ್ದಳು. ಚಾ ಕುಡದು ಹೋದ, ಹೋಗಬೇಕಾದ್ರ ನನ್ನ ಬೆನ್ನಿನ ಮ್ಯಾಲೆ ಕೈ ಇಟ್ಟ. ಅವನಪ್ಪನ, ಇದೇನ ಹೊಸಾ ರೂಢಿ.

೧೩ ಅಕ್ಟೋಬರ್, ರವಿವಾರ

ಗಾಡಿ ತೊಳದೆ. ನಾಳೆ.

ಮಧ್ಯಾಹ್ನ ಕಾಶೀಬಾಯಿ ಬಾಜೂಕ ಬಂದು ಕುಂತು, ಪೂಜಿಗಿಂತ ಮೊದಲ ಒಂದು ಸಲ ಡಾಕ್ಟರಿಗೆ ಕಣ್ಣು ತೋರಸೂನು ಬರ್ರಿ ಅಂದ್ಳು. ಹಂಗಾರ ಕೀಲಿ ಕೊಡೂದಿಲ್ಲ ಅಂತಿ? ಮಾತು ತಿರುವತಿ? ಅಂದೆ. ಬಾಳ ಮಾತಾಡಿದೆ, ಎಲ್ಲಾ ಬರಿಯೂದಿಲ್ಲ.

"ಕೀಲಿ ಕೊಡತೇನಿ. ಕೊಡೂದಿಲ್ಲ ಅಂತ ಯಾವಾಗ ಅಂದೆ?"

ಆಮ್ಯಾಲೆ, ನಾಳೆ ಗಾಡಿ ಯಾವ ದಿಕ್ಕಿಗೆ ಮಾರಿ ಮಾಡಿ ನಿಲ್ಲಸತೀರಿ ಅಂತ ಕೇಳಿದ್ಳು. ಮೂಡಲಕ್ಕ, ಮತ್ತ್ಯಾವ ಕಡೆ? ಪೂಜಿ ಎಷ್ಟೊತ್ತಿಗೆ ಅಂದ್ಳು. ಎಂಟಕ್ಕ ಅಂದೆ. ಹೌದಾ ಅಂದು ಎದ್ದು ಹೋದ್ಳು. ಎಲ್ಲಾ ಗೊತ್ತಿದ್ದದ್ದನ್ನ ಕೇಳತಾಳ.

೧೪ ಅಕ್ಟೋಬರ್, ಸೋಮವಾರ

ಎಂಟಕ್ಕ ಪೂಜಿ ಆತು. ಗಾಡಿಗೆ ಚೆಂಡುಹೂವಿನ ಮಾಲಿ, ವಿಭೂತಿ, ನಾಲ್ಕೂ ಚಕ್ರದ ಕೆಳಗ ನಿಂಬೆಹಣ್ಣು. ಗೌಸಮೊದ್ದೀನನೂ ಬಂದಿದ್ದ. ಕಾಶೀಬಾಯಿ ಸೆರಗಿನ ಗಂಟು ಬಿಚ್ಚಿ ಕೀಲಿ ನನ್ನ ಕೈಯಾಗ ಇಟ್ಟಳು. ಕೀಲಿ ಬೆಚ್ಚಗಿತ್ತು. ಕುಂತೆ, ಚಾಲೂ ಮಾಡಿದೆ, ಒಂದನೇ ಗೇರ್ ಹಾಕಿದೆ. ಎದುರಿಗೆ ಬಿಸಿಲು, ಗಾಜಿನ ತುಂಬ ಬರೇ ಬೆಳಕು. ಅಂಗಳ ಖಾಲಿ ಐತಿ ಅಂತ ನೋಡೇ ಕ್ಲಚ್ ಬಿಟ್ಟೆ. ನೋಡೇ ಬಿಟ್ಟೇನಿ. ನಿಂಬೆಹಣ್ಣು ಪಟ್ ಪಟ್ ಒಡದವು. ಬಾಜೂಕ ನಿಂತಿದ್ದ ಗೌಸ್ ಗಾಡಿ ಟಪ್ಪಿನ ಮ್ಯಾಲೆ ಎರಡೂ ಕೈಲೆ ಬಡದ. ಸುಕನ್ಯಾ ಚೀರಿದ್ಳು. ಬ್ರೇಕು ಒತ್ತಿದೆ.

ಬೆಳಕಿನೊಳಗಿಂದ ಕಾಶೀಬಾಯಿ ಕಂಡಳು. ಬಾನೆಟ್ಟಿಗೂ ಆಕಿ ಹೊಟ್ಟಿಗೂ ಅರ್ಧ ಗೇಣು. ಒಂದು ಕೈ ಬಾನೆಟ್ಟಿನ ಮ್ಯಾಲೆ, ಇನ್ನೊಂದು ಕೈಯಾಗ ಟೆಂಗಿನಕಾಯಿ. ಸರದಿರಲಿಲ್ಲ.

"ಬ್ರೇಕು ಛಲೋ ಹಿಡೀತಾವ" ಅಂದ್ಳು. ಕಾಯಿ ಒಡದು ಒಳಗ ಹೋದ್ಳು.

ಚಾಲೂ ಇದ್ದ ಗಾಡಿ ಮುಂದ ಯಾರರ ನಿಲ್ಲತಾರೇನು? ಅಷ್ಟು ತಿಳಿಯೂದಿಲ್ಲೇನು ಆಕಿಗೆ? ಮೂವತ್ತೊಂದು ವರ್ಷ ಡ್ರೈವರನ ಹೇಣ್ತಿ ಆಗಿ

ಸಾಕು.

೧೫ ಅಕ್ಟೋಬರ್, ಮಂಗಳವಾರ

ಕೀಲಿ ನಿನ್ನೆಯಿಂದ ನನ್ನ ಕಿಸೇದಾಗ ಐತಿ. ಕೊಡು ಅಂತ ಯಾರೂ ಕೇಳಲಿಲ್ಲ. ಗಾಡಿನೂ ಅಲ್ಲೇ ನಿಂತೈತಿ, ಒಡದ ನಿಂಬೆಹಣ್ಣಿನ ಮುಂದ.

ಮುಂಜಾನೆ ಗುರುಶಿದ್ದ ಬನ್ನಿ ಕೊಡಾಕ ಊರಿಂದ ಬಂದ. ಬನ್ನಿ ಕೊಟ್ಟು ಕಾಲಿಗೆ ಬಿದ್ದು ಎದ್ದವ ಚಕ್ರ ನೋಡಿದ. ಅಣ್ಣಾ, ಒಂದಕ್ಕ ಕೆಂಪ ಒಂದಕ್ಕ ರಾಣಿ ಯಾಕ ಹಚ್ಚಿದಿ, ಎತ್ತಿಗೆ ಹಿಂಗ ಹಚ್ಚಿದ್ರ ಊರಮಂದಿ ನಗತಾರ ಅಂದ. ಅವಂಗ ಯಾವ ಸೇಡೂ ಇಲ್ಲ ನನ್ನ ಮ್ಯಾಲೆ. ಹೋಗಿ ಎಡಕ್ಕ ಕುಂತೆ, ಮೂಗು ಹಚ್ಚಿ ನೋಡಿದೆ, ಕೆಂಪ. ಬಲಕ್ಕ ಹೋದೆ, ಕೆಂಪ. ಡಬ್ಬಿ ತಂದು ಮುಚ್ಚಳ ಎರಡೂ ಜೋಡಿಸಿ ಇಟ್ಟು ನೋಡಿದೆ. ಎರಡೂ ಕೆಂಪನ.

ಅಡಗಿಮನಿಗೆ ಹೋಗಿ ಕಾಶೀಬಾಯಿಗೆ ಕೇಳಿದೆ, ಯಾವಾಗಿಂದ ಗೊತ್ತಿತ್ತು ಅಂತ. ಹಚ್ಚಿದ ದಿನದಿಂದ ಅಂದ್ಳು. ಮತ್ತ ಯಾಕ ಹೇಳಲಿಲ್ಲ ಅಂತ ಒದರಿದೆ.

"ಹಾಲಿನಂವ ಹೇಳಿದ, ನಂಬಿದ್ರೇನು? ಚಷ್ಮಾದಂವ ಹೇಳಿದ, ನಂಬಿದ್ರೇನು? ನಾ ಹೇಳಿದ್ರೂ ಬೈಯ್ಯತಿದ್ರಿ. ಮಾತು ಕೊಟ್ಟಿದ್ದೆ, ಕೀಲಿ ಕೊಡಲೇಬೇಕಿತ್ತು. ಅದಕ್ಕ ನಾನ ಮುಂದ ನಿಂತೆ. ರಸ್ತೆದಾಗ ಯಾರದರ ಕೂಸು ನಿಂತಿರೂಕಿಂತ ನಾ ನಿಂತಿರೂದು ಛಲೋ ಅಲ್ಲೇನ್ರಿ?"

ಹುಚ್ಚಿಯೇನು ನೀ ಅಂದೆ. ಸಾಯತಿದ್ದಿ ಅಂದೆ. ಬಾಯಿಗೆ ಬಂದದ್ದೆಲ್ಲಾ ಅಂದೆ. ಆಕಿ ರೊಟ್ಟಿ ಹಂಚಿನ ಮ್ಯಾಲೆ ತಿರುವಿ ಹಾಕಿದ್ಳು.

"ಅಂಜಿಕಿ ಬಂದಿತ್ತು. ನಿಮಗ ಕಾಣೂದಿಲ್ಲ ಅಂತ ಗೊತ್ತಿತ್ತು, ಆದ್ರ ಯಾರರ ಕೂಗಿದ್ರ ನಿಮ್ಮ ಕಾಲು ಬ್ರೇಕಿನ ಮ್ಯಾಲೆ ಬರತೈತಿ ಅಂತಾನೂ ಗೊತ್ತಿತ್ತು."

ಅದಕ್ಕ ಗೌಸಗ ಮೊದಲ ಹೇಳಿ ಬಾಜೂಕ ನಿಲ್ಲಿಸಿದ್ದಳಂತ.

ಕಿಸೇದಾಗಿನ ಕೀಲಿ ತಗದೆ. ಕೈಯಾಗ ಕೊಡಾಕ ಹೋದ್ರ ಆಕಿ ಕೈಗೆ ಹಿಟ್ಟು ಹತ್ತಿತ್ತು. ಸೆರಗಿನ ಚುಂಗು ಹಿಡದು ನಾನ ಗಂಟು ಹಾಕಿದೆ. ಎರಡು ಸಲ ಜಾರಿತು, ಮೂರನೇ ಸಲ ಕುಂತಿತು. ಅಲ್ಲೀತನಕ ಆಕಿ ಅಲಗಾಡದ ನಿಂತಿದ್ದಳು.

೧೭ ಅಕ್ಟೋಬರ್, ಗುರುವಾರ

ಮೋತಿಬಿಂದು ಅಂತ, ಎರಡೂ ಕಣ್ಣಿಗೆ. ಕಣ್ಣೊಳಗಿನ ಗಾಜು ಬೆಲ್ಲದ ನೀರಿನಂಗ ಆಗೈತಿ, ಅದರಾಗ ನೋಡಿದ್ರ ಬಿಳೇದು ಹಳದಿ ಕಾಣತೈತಿ, ರಾಣಿ ಕೆಂಪ ಕಾಣತೈತಿ, ಎದುರು ಬೆಳಕು ಬಂದ್ರ ಏನೂ ಕಾಣೂದಿಲ್ಲ ಅಂತ ಡಾಕ್ಟರ್ ಬಾಯಿ ಅಂದ್ಳು. ಆಪರೇಶನ್ ಮಾಡಿದ್ರ ಹೊಸಾ ಕಣ್ಣಿನಂಗ ಆಗತೈತ್ರಿ, ಇಷ್ಟು ದಿನ ಯಾಕ ಬರಲಿಲ್ಲ ಅಂತ ನನ್ನನ್ನ ಬೈದ್ಳು. ಸುಕನ್ಯಾನ ವಯಸ್ಸಿನ ಹುಡುಗಿ. ಸ್ಟೂಲಿನ ಮಾತು ಆಕಿಗೆ ಹೆಂಗ ಹೇಳೂದು? ಬೈಸಿಗೊಂಡು ಬಂದೆ.

೧೨ ನವೆಂಬರ್, ಮಂಗಳವಾರ

ಬರಿಯಾಕ ಇವತ್ತು ಪರವಾನಗಿ ಸಿಕ್ಕಿತು. ಬಲಗಣ್ಣಿಂದು ಆಪರೇಶನ್ ಆಗೈತಿ, ಎಡಗಣ್ಣಿಂದು ಮುಂದಿನ ತಿಂಗಳ ಮಾಡತಾರ. ತಲಿಮ್ಯಾಲೆ ನೀರು ಹಾಕ್ಕೋಬಾರದು, ಬಗ್ಗಬಾರದು, ಕರೇ ಚಷ್ಮಾ ತಗೀಬಾರದು, ತಾಸಿಗೊಮ್ಮೆ ಔಷಧ ಬಿಡಬೇಕು. ಜೇಲಿನ್ಯಾಗೂ ಇಷ್ಟು ಕಾಯ್ದೆ ಇರೂದಿಲ್ಲ. ಈ ವಹಿ ತಗದು ಹಿಂದಿನ ಹಾಳಿ ನೋಡಿದೆ. ಗೆರಿ ಬಿಟ್ಟು ಒಂದರ ಮ್ಯಾಲೊಂದು ಏರಿ ಕುಂತಾವ ಅಕ್ಷರ. ಇಂಥಾದ್ದು ಬರದು ಖರೇ ಬರದಿಡತೇನಿ ಅಂದಿದ್ದೆ. ಸೆಪ್ಟೆಂಬರಿನ ಮೊದಲಿನ ಹಾಳ್ಯಾಗ ಟೆಂಪೋದವನ ಹೆಸರಿಲೆ ಬರದದ್ದನ್ನ ಕಾಟು ಹೊಡದೆ. ಧೋತ್ರಾ ಬೆಳ್ಳಗ ಐತಿ. ಹಾಲಿನವಗ ಮುಂಜಾನೆ ಚಾ ಕುಡದು ಹೋಗಲೇ ಅಂದೆ, ಅಂವ ಗಾಬರಿ ಆದ.

ಆಮ್ಯಾಲೆ ಗಾಡಿ ಕಡೆ ಹೋದೆ. ಬಲಗಡೆ ಚಕ್ರದ ಮುಂದ ನಿಂತು, ಕರೇ ಚಷ್ಮಾ ಸ್ವಲ್ಪ ತಗದು, ಹೊಸಾ ಕಣ್ಣಿಲೆ ನೋಡಿದೆ. ಎವ್ವಾ, ಏನು ರಾಣಿ! ಮದುವಿ ಹೆಣ್ಣಿನ ಸೀರಿ ಕಂಡಂಗ ಕಾಣತೈತಿ ಒಳಗ. ಅದನ್ನ ಮುಚ್ಚಿ ಹಳೇ ಕಣ್ಣು ತಗದೆ. ಕೆಂಪ. ಹೊಸಾದಕ್ಕ ರಾಣಿ, ಹಳೇದಕ್ಕ ಕೆಂಪ. ಎಷ್ಟೋ ಸಲ ಹಿಂಗ ಮಾಡಿದೆ. ತಿಂಗಳ ಮ್ಯಾಲಾತು, ಈ ಗಾಡಿ ಹಿಂಗ ಅಂಗಳದಾಗ ನಿಂತೈತಿ, ಎಲ್ಲಾರೂ ನೋಡ್ಯಾರ. ಹೋಗಲಿ, ಕೆರದು ಬ್ಯಾರೆ ಹಚ್ಚೂದಿಲ್ಲ. ಕೆಲಸ ಖರೇನ ನುಣ್ಣಗ ಬಂದೈತಿ.

ಬಾಗಿಲಾ ತಗದು ಡ್ರೈವರ್ ಸೀಟಿನ ಮ್ಯಾಲೆ ಕುಂತೆ. ಎಂಟರ ಬಿಸಿಲು, ಗಾಡಿ ಅವತ್ತಿನಂಗ ಮೂಡಲಕ್ಕ ಮಾರಿ ಮಾಡೈತಿ. ಕಾಶೀಬಾಯಿನ್ನ ಕರದೆ. ಅವತ್ತು ಎಲ್ಲಿ ನಿಂತಿದ್ದಿ ಅಲ್ಲಿ ನಿಲ್ಲು ಅಂದೆ. ಯಾಕ ಅಂತ ಕೇಳಲಿಲ್ಲ, ಬಂದು ನಿಂತಳು. ಹೊಸಾ ಕಣ್ಣಿಗೆ ಕಂಡಳು, ಎಲ್ಲಾ ಕಂಡಳು. ಮೊಣಕೈಗೆ ಹತ್ತಿದ ಜ್ವಾಳದ ಹಿಟ್ಟು, ಹಣಿಮ್ಯಾಲೆ ಸೊಟ್ಟ ಎಳಕೊಂಡ ವಿಭೂತಿ. ಆಮ್ಯಾಲೆ ಅದನ್ನ ಮುಚ್ಚಿ ಹಳೇ ಕಣ್ಣಿಲೆ ನೋಡಿದೆ. ಬರೇ ಬಿಸಿಲು. ಆಕಿ ಅಲ್ಲೇ ನಿಂತಾಳ ಅಂತ ಗೊತ್ತಿದ್ದೂ ಬರೇ ಬಿಸಿಲು.

ಇಳದು ಹೋಗಿ ಆಕಿ ರಟ್ಟಿ ಹಿಡಕೊಂಡೆ. ಇನ್ನ ಮ್ಯಾಲೆ ಗಾಡಿ ಮುಂದ ನಿಲ್ಲಬ್ಯಾಡ ಅಂದೆ. ಗಾಡಿ ಚಾಲೂ ಇಲ್ಲರಿ, ಕೀಲಿ ನನ್ನ ಸೆರಗಿನ್ಯಾಗ ಐತಿ ಅಂದ್ಳು. ಇರಲಿ, ಆದರೂ ನಿಲ್ಲಬ್ಯಾಡ ಅಂದೆ.